ಬೂಚಣ್ಣನ ಹಾಡುಮಗ್ಗಿ

ವರದಾ ನದಿಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಯಾವ ಅರಸನ ಕಾಲ ಎಂದು ಕೇಳಿದರೆ ನನಗೂ ಗೊತ್ತಿಲ್ಲ. ಮಗ್ಗಿ ಎಂದೊಡನೆ ಮಕ್ಕಳು ಹೊಟ್ಟೆನೋವೆಂದು ಮಲಗಿಬಿಡುತ್ತಿದ್ದ ಕಾಲ ಅಂದುಕೊಳ್ಳಿ, ಸಾಕು.

ಅಲ್ಲಿ ಮಲ್ಲಿದೇವರೆಂಬ ಗುರುಗಳಿದ್ದರು. ಅವರ ಶಿಷ್ಯ ಬೂಚಣ್ಣ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದ.

ಬೂಚಣ್ಣನಿಗೆ ಒಳ್ಳೆಯ ಕಂಠವಿತ್ತು. ಮಗ್ಗಿಯನ್ನು ಹಾಡಾಗಿ ಕಲಿಸಿದರೆ ಹೇಗೆ ಎಂದು ಅವನಿಗೆ ಒಂದು ದಿನ ಹೊಳೆಯಿತು. "ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು" ಎನ್ನುವುದು ಅವನ ಕಿವಿಗೆ ಒರಟಾಗಿ ಕೇಳುತ್ತಿತ್ತು. ಆ ಒಂದ್ಲ, ಎರಡ್ಲಗಳನ್ನೆಲ್ಲ ಕಿತ್ತುಹಾಕಿದ. "ಏಳು, ಹದಿನಾಲ್ಕು, ಇಪ್ಪತ್ತೊಂದು" ಎಂದು ಬರಿಯ ಉತ್ತರಗಳನ್ನೇ ತಾಳಕ್ಕೆ ಕೂರಿಸಿದ. ಅದಕ್ಕೆ ಹಾಡುಮಗ್ಗಿ ಎಂದು ಹೆಸರಿಟ್ಟ.

ಸುದ್ದಿ ಹೆಗ್ಗಡತಿ ಲಚ್ಚವ್ವೆಯ ಕಿವಿಗೆ ಬಿತ್ತು. ಹದಿನೆಂಟು ಊರುಗಳ ಆಡಳಿತ ನಡೆಸುತ್ತಿದ್ದ ಹೆಂಗಸು ಆಕೆ. ತಾನೇ ಆಶ್ರಮಕ್ಕೆ ಬಂದಳು.

"ನಲವತ್ತು ಮಕ್ಕಳಿಗೆ ಒಂದು ವರ್ಷದ ಅಕ್ಕಿ, ಬೇಳೆ ಕಳಿಸುತ್ತೇನೆ," ಎಂದಳು. "ಹಳೆಯ ರೀತಿ ಮೇಲೋ ಹೊಸದು ಮೇಲೋ, ನೋಡಿ ಹೇಳಿ. ಹೊಸದೇ ಮೇಲಾದರೆ ಹಾಡನ್ನು ಕಲ್ಲಿನಲ್ಲಿ ಕೆತ್ತಿಸುತ್ತೇನೆ. ಹದಿನೆಂಟು ಊರಿನಲ್ಲೂ ಅದನ್ನೇ ಕಲಿಸಲಿ. ಕೊನೆಯ ಸಾಲಿನಲ್ಲಿ ಬೂಚಣ್ಣನವರ ಹೆಸರಿರಲಿ."

ಅಂದು ಊಟಕ್ಕೆ ಏನು ಬಡಿಸಿದರೆಂದು ಬೂಚಣ್ಣನಿಗೆ ನೆನಪಿಲ್ಲ.

ಮಾರನೆಯ ದಿನ ಅವನು ಗುರುಗಳ ಬಳಿ ಬಂದ. "ಚುರುಕಾದ ಇಪ್ಪತ್ತು ಮಕ್ಕಳನ್ನು ಹಾಡಿಗೆ ಆರಿಸಿಕೊಳ್ಳುತ್ತೇನೆ, ಗುರುಗಳೇ."

"ಆಮೇಲೆ ಗೆದ್ದದ್ದು ಹಾಡೋ, ಚುರುಕುತನವೋ?"

ಗುರುಗಳು ಒಂದು ಕವಡೆ ತಂದು, ಒಂದೊಂದು ಮಗುವಿಗೆ ಒಂದೊಂದು ಸಲ ಎಸೆದರು. ಅಂಗಾತ ಬಿದ್ದರೆ ಪಡುವಣ ಜಗಲಿ, ಬೋರಲು ಬಿದ್ದರೆ ಮೂಡಣ ಜಗಲಿ. ಒಂದು ಜಗಲಿಯಲ್ಲಿ ಇಪ್ಪತ್ತು ತುಂಬಿದ ಮೇಲೆ ಉಳಿದವರು ಇನ್ನೊಂದಕ್ಕೆ ಹೋದರು.

ಪಡುವಣ ಜಗಲಿಯಲ್ಲಿ ಹಾಡು. ಮೂಡಣ ಜಗಲಿಯಲ್ಲಿ ಹಳೆಯ ಪದ್ಧತಿ, ಹುಣಸೆಬೀಜಗಳನ್ನು ಗುಂಪು ಮಾಡಿ ಎಣಿಸುವುದು. ಎರಡೂ ಕಡೆ ಕಲಿಸಿದವನು ಬೂಚಣ್ಣನೇ.

ತಿಂಗಳಿಗೊಮ್ಮೆ ಅವನು ಮಕ್ಕಳ ಎದುರಿಗೆ ಕೂತು ಒಬ್ಬೊಬ್ಬರನ್ನೇ ಪರೀಕ್ಷಿಸುತ್ತಿದ್ದ. ಗುರುಗಳು ಅಂಗಳದಾಚೆ ಕಂಬಳಿ ಹೊದ್ದು ಕೂತಿರುತ್ತಿದ್ದರು. ಪಡುವಣ ಜಗಲಿಯ ಮಕ್ಕಳು ಹಾಡುತ್ತ ಹೋಗಿ ಸರಿಯಾದ ಉತ್ತರದಲ್ಲಿ ನಿಲ್ಲುತ್ತಿದ್ದರು. ಮೂಡಣ ಜಗಲಿಯ ಮಕ್ಕಳು ತಲೆ ತಗ್ಗಿಸಿ ಬೀಜ ಎಣಿಸುತ್ತಿದ್ದರು. ತಡವಾಗುತ್ತಿತ್ತು, ಒಮ್ಮೊಮ್ಮೆ ತಪ್ಪುತ್ತಲೂ ಇತ್ತು.

ಪ್ರತಿ ಸಲವೂ ಬೂಚಣ್ಣ ಓಡಿಬಂದು ಹೇಳುತ್ತಿದ್ದ. "ಈ ಸಲವೂ ಹಾಡೇ ಗೆದ್ದಿತು, ಗುರುಗಳೇ!" ಹೇಳಿ ಅವರ ಮುಖವನ್ನೇ ನೋಡುತ್ತಿದ್ದ.

ಗುರುಗಳು ಹೊದ್ದ ಕಂಬಳಿಯನ್ನು ತಲೆಯ ಮೇಲೆಳೆದುಕೊಂಡುಬಿಡುತ್ತಿದ್ದರು.

"ಚಳಿಯೇ, ಗುರುಗಳೇ?"

"ಹೂಂ."

ಚೈತ್ರದ ಬಿಸಿಲಿನಲ್ಲೂ ಅವರಿಗೆ ಚಳಿಯೇ. ವಯಸ್ಸಾಯಿತು ಪಾಪ ಎಂದುಕೊಂಡ ಬೂಚಣ್ಣ.

ವರ್ಷ ಮುಗಿಯಿತು. ಎತ್ತಿನ ಗಾಡಿಯಲ್ಲಿ ನುಣುಪಾದ ದೊಡ್ಡ ಕಲ್ಲು ಬಂದಿಳಿಯಿತು. ನಾಳೆ ಬೆಳಿಗ್ಗೆ ಹೆಗ್ಗಡತಿ ಬರುತ್ತಾಳೆ, ಜೊತೆಗೆ ಕಲ್ಲುಕುಟಿಗನೂ ಬರುತ್ತಾನೆ ಎಂದು ಗಾಡಿಯವನು ಹೇಳಿದ.

"ಬೂಚಣ್ಣ, ನನ್ನ ಪಂಚೆ ಕೊಳೆಯಾಗಿದೆ," ಎಂದರು ಗುರುಗಳು. "ಹೊಳೆಗೆ ಹೋಗಿ ಒಗೆದುಕೊಂಡು ಬಾ."

"ಇವತ್ತೇ? ಕೊನೆಯ ಪರೀಕ್ಷೆ ಬಾಕಿ ಇದೆ, ಗುರುಗಳೇ."

"ಮಕ್ಕಳನ್ನೂ ಕರೆದುಕೊಂಡು ಹೋಗು. ಅವರು ಮೆಟ್ಟಿಲ ಮೇಲೆ ಕೂತಿರಲಿ. ನೀನು ಕೈಯಲ್ಲಿ ಒಗೆ, ಬಾಯಲ್ಲಿ ಕೇಳು."

ಬೂಚಣ್ಣ ಗೊಣಗುತ್ತ ಹೋದ. ಒಗೆಯುವ ಕಲ್ಲು ನೀರಿನ ಕಡೆಗಿತ್ತು. ಅವನು ಬಗ್ಗಿ ಒಗೆಯತೊಡಗಿದ, ಮಕ್ಕಳು ಅವನ ಬೆನ್ನ ಹಿಂದೆ ಕೂತರು.

"ಚಂದವ್ವೆ, ಏಳೆಂಟ್ಲ ಎಷ್ಟು?"

ಚಂದವ್ವೆ ಪಡುವಣ ಜಗಲಿಯ ಜಾಣೆ. ಒಂದು ಸಲವೂ ತಪ್ಪಿದವಳಲ್ಲ. ಇಂಪಾಗಿ ಶುರುಮಾಡಿದಳು. "ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು..."

ಐವತ್ತಾರು ಬಂತು. ಚಂದವ್ವೆ ನಿಲ್ಲಲಿಲ್ಲ. ಅರವತ್ತಮೂರು ಆಯಿತು, ಎಪ್ಪತ್ತೂ ಆಯಿತು. ಮತ್ತೆ ಏಳರಿಂದ ಹಾಡತೊಡಗಿದಳು.

ಬೂಚಣ್ಣ ಒದ್ದೆ ಕೈಯಲ್ಲೇ ತಿರುಗಿದ. "ಯಾಕವ್ವ ನಿಲ್ಲಿಸಲಿಲ್ಲ?"

"ನಿಮ್ಮ ತಲೆ ಕಾಣದಿದ್ರೆ ಎಲ್ಲಿ ನಿಲ್ಲಿಸ್ಲಿ, ಅಯ್ಯಾ?"

"ನನ್ನ ತಲೆಯೇ?"

"ಸರಿಯಾದ್ದು ಬಂದಾಗ ನೀವು ತಲೆದೂಗ್ತೀರಲ್ಲ, ಅಲ್ಲಿಗೆ ನಿಲ್ಲಿಸ್ತೀವಿ. ಎಲ್ಲರೂ ಹಂಗೇ ಮಾಡೋದು."

ಪಡುವಣ ಜಗಲಿಯ ಮಕ್ಕಳೆಲ್ಲ ಹೌದು ಹೌದೆಂದರು. ಅವರ ಮುಖದಲ್ಲಿ ಕಳ್ಳತನವೇನೂ ಇರಲಿಲ್ಲ. ಪರೀಕ್ಷೆ ಎಂದರೆ ಅದೇ ಎಂದುಕೊಂಡಿದ್ದರು ಪಾಪ.

ಪಂಚೆ ತೇಲಿಹೋಗುತ್ತಿತ್ತು. ಬೂಚಣ್ಣ ಅದನ್ನು ಹಿಡಿದು, ಮತ್ತೆ ನೀರಿನ ಕಡೆ ತಿರುಗಿ, ನಲವತ್ತು ಮಕ್ಕಳನ್ನೂ ಒಬ್ಬೊಬ್ಬರಾಗಿ ಕೇಳಿದ. ಹಾಡುವವರಲ್ಲಿ ಸರಿಯಾದ ಜಾಗದಲ್ಲಿ ನಿಂತವರು ಮೂವರು. ಬೀಜ ಎಣಿಸುವವರು ಎಂದಿನಂತೆ ನಿಧಾನವೇ, ಆದರೆ ಹದಿನಾರು ಮಂದಿ ಸರಿಯಾಗಿ ಹೇಳಿದರು. ಅವರು ಅವನ ತಲೆಯನ್ನು ಎಂದೂ ನೋಡಿದವರೇ ಅಲ್ಲ.

ಅವನು ಗುರುಗಳ ಮುಂದೆ ಬಂದು ಕುಸಿದು ಕೂತ. "ಪಂಚೆ ಒಗೆದೆ, ಗುರುಗಳೇ. ನನ್ನ ಮಾನ ಹೋಯಿತು."

ನಡೆದದ್ದನ್ನೆಲ್ಲ ಹೇಳಿದ. ಗುರುಗಳು ಕೇಳಿಸಿಕೊಂಡರು.

"ನಾಳೆ ಎಂದಿನಂತೆ ಎದುರಿಗೇ ಕೂತರೆ ಮಕ್ಕಳು ಸರಿಯಾಗಿಯೇ ಹೇಳುತ್ತಾರೆ," ಎಂದ ಬೂಚಣ್ಣ. ದನಿ ಸಣ್ಣದಾಗಿತ್ತು. "ಯಾರಿಗೂ ಗೊತ್ತಾಗುವುದಿಲ್ಲ."

ಗುರುಗಳು ಕಂಬಳಿಯನ್ನು ತಲೆಯ ಮೇಲೆಳೆದುಕೊಂಡರು.

"ಏನಾದರೂ ಹೇಳಿ, ಗುರುಗಳೇ. ನನ್ನ ಹೆಸರು ಹಾಳಾಗಿ ಹೋಗಲಿ. ನಿಜ ಹೇಳಿದರೆ ಮುಂದಿನ ವರ್ಷಕ್ಕೆ ಅಕ್ಕಿ ಬರುವುದಿಲ್ಲ. ನಲವತ್ತು ಮಕ್ಕಳೂ ಮನೆಗೆ ಹೋಗಬೇಕಾಗುತ್ತದೆ!"

ಕಂಬಳಿಯೊಳಗಿಂದ ದನಿ ಬಂತು. "ಪಂಚೆ ಒಣಗಿತೇ?"

"ಇಲ್ಲ."

"ಒಣಗಲಿ ಬಿಡು."

ಬೆಳಿಗ್ಗೆ ಹೆಗ್ಗಡತಿ ಬಂದಳು. ಕಲ್ಲುಕುಟಿಗ ಉಳಿ ಬಿಚ್ಚಿಟ್ಟುಕೊಂಡು ಕಲ್ಲಿನ ಪಕ್ಕ ಕೂತ. ಮಕ್ಕಳು ಸಾಲಾಗಿ ಕೂತರು. ಅವರ ಎದುರಿಗೆ ಬೂಚಣ್ಣನ ಚಾಪೆ ಹಾಸಿತ್ತು.

ಬೂಚಣ್ಣ ಚಾಪೆಯ ಮುಂದೆ ನಿಂತ. ಗುರುಗಳ ಕಡೆ ನೋಡಿದ. ಕಂಬಳಿ ಮಾತ್ರ ಕಂಡಿತು.

ಆಮೇಲೆ ಅವನು ಮಕ್ಕಳಿಗೆ ಬೆನ್ನು ಹಾಕಿ ಕೂತುಬಿಟ್ಟ.

"ಚಂದವ್ವೆ, ಏಳೆಂಟ್ಲ ಎಷ್ಟು?"

ಚಂದವ್ವೆ ಹಾಡಿದಳು. ಎಪ್ಪತ್ತು ದಾಟಿ ಮತ್ತೆ ಏಳಕ್ಕೆ ಬಂದಳು. ಹೆಗ್ಗಡತಿಯ ಹುಬ್ಬು ಗಂಟಿಕ್ಕಿತು.

ಬೂಚಣ್ಣ ಎದ್ದು ಎಲ್ಲವನ್ನೂ ತಾನೇ ಹೇಳಿದ. ತಲೆದೂಗಿದ್ದು, ಹೊಳೆ, ಮೂವರು, ಹದಿನಾರು ಮಂದಿ, ಏನನ್ನೂ ಬಿಡಲಿಲ್ಲ. "ತಪ್ಪು ಮಕ್ಕಳದಲ್ಲ, ತಾಯಿ. ನನ್ನದು," ಎಂದು ಮುಗಿಸಿದ.

ಹೆಗ್ಗಡತಿ ಎದ್ದು ಕಲ್ಲಿನ ಬಳಿ ಹೋದಳು. ಅದರ ಖಾಲಿ ಮೈಯ ಮೇಲೆ ಕೈಯಾಡಿಸಿದಳು. ಆಮೇಲೆ ಉಸ್ಸೆಂದು ಅಲ್ಲೇ ಕೂತು ನಗತೊಡಗಿದಳು.

"ನಮ್ಮ ಪುಣ್ಯ! ಉಳಿ ಇನ್ನೂ ಬಿದ್ದಿಲ್ಲ," ಎಂದಳು. "ಕೆತ್ತಿಸಿಬಿಟ್ಟಿದ್ದರೆ ಹದಿನೆಂಟು ಊರಿನ ಉಪಾಧ್ಯಾಯರೂ ತಲೆದೂಗುತ್ತ ಕೂರುತ್ತಿದ್ದರು. ಆಮೇಲೆ ಅಳಿಸುವವರು ಯಾರು?"

"ಅಕ್ಕಿ, ತಾಯಿ?"

"ಹೊಸದೇ ಮೇಲು ಎಂದು ಹೇಳಿ ಅಂದಿದ್ದೆನೇ? ನೋಡಿ ಹೇಳಿ ಅಂದಿದ್ದೆ. ನೋಡಿದಿರಿ, ಹೇಳಿದಿರಿ. ಇನ್ನೊಂದು ವರ್ಷ ಕಳಿಸುತ್ತೇನೆ, ಇನ್ನೊಮ್ಮೆ ನೋಡಿ."

ಬೂಚಣ್ಣನ ಎದೆಯ ಮೇಲಿನ ಭಾರ ಒಮ್ಮೆಲೇ ಇಳಿಯಿತು. ಎಲ್ಲರ ಮುಂದೆಯೇ ಅತ್ತುಬಿಟ್ಟ, ನಾಚಿಕೆಯೂ ಆಗಲಿಲ್ಲ.

ಚಂದವ್ವೆ ಅವನ ಅಂಗವಸ್ತ್ರ ಎಳೆದಳು. "ಅಯ್ಯಾ, ಹಾಡಿನೊಳಗೆ ಏಳೆಂಟ್ಲ, ಏಳೊಂಬತ್ಲ ಅನ್ನೋದನ್ನ ವಾಪಸ್ಸು ಸೇರಿಸಿದ್ರೆ? ಆಗ ಎಲ್ಲಿ ನಿಲ್ಲಿಸ್ಬೇಕು ಅಂತ ಹಾಡೇ ಹೇಳ್ತದಲ್ಲ?"

ಬೂಚಣ್ಣನ ತಲೆ ತೂಗಲು ಹೊರಟಿತು. ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿಕೊಂಡ.

"ಗೊತ್ತಿಲ್ಲ, ಮಗಾ. ನೋಡೋಣ."

"ಈ ಕಲ್ಲನ್ನೇನು ಮಾಡಲಿ?" ಎಂದು ಕಲ್ಲುಕುಟಿಗ ಕೇಳಿದ.

"ಹೊಳೆಯಲ್ಲಿ ಒಗೆಯುವ ಕಲ್ಲು ಸೀಳುಬಿಟ್ಟಿದೆ," ಎಂದರು ಗುರುಗಳು.

ಮರುದಿನ ಬೂಚಣ್ಣ ಹೊಸ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ. ಗುರುಗಳು ಮೆಟ್ಟಿಲ ಮೇಲೆ ಕೂತಿದ್ದರು.

"ನಾನು ತಲೆದೂಗುವುದು ನಿಮಗೆ ಮೊದಲೇ ಗೊತ್ತಿತ್ತು, ಅಲ್ಲವೇ ಗುರುಗಳೇ?"

"ಮೊದಲ ತಿಂಗಳಿನಲ್ಲೇ."

"ಮತ್ತೆ ಒಂದು ಮಾತು ಹೇಳಬಾರದಿತ್ತೇ!"

ಗುರುಗಳು ತಲೆಯ ಮೇಲಿನ ಕಂಬಳಿಯನ್ನು ಹೆಗಲಿಗೆ ಇಳಿಸಿದರು.

"ಹೇಳಿದ್ದರೆ ನೀನೂ ನನ್ನ ತಲೆ ನೋಡಿಯೇ ನಿಲ್ಲಿಸುತ್ತಿದ್ದೆ."