ಅಂದಾಜುಗಾರನ ತೊಂಬತ್ತು ಸಾವಿರ

ಜುಲೈ ಒಂಬತ್ತು, ಬುಧವಾರ. ಗಾಳಿ ಜೋರಾಗಿತ್ತು, ಮಳೆ ಇರಲಿಲ್ಲ.

"ಅಜ್ಜಾರೆ, ನಂಬದವರಿಗೆ ನಿಜ ಹೇಳುವುದು ಹೇಗೆ?" ಎಂದು ಫಕೀರಪ್ಪ ಮಠದ ಅಜ್ಜನವರನ್ನು ಕೇಳಿದ.

ಫಕೀರಪ್ಪನಿಗೆ ರಾಜಧಾನಿಯಲ್ಲಿ ಕೆಲಸ. ಶಾಸಕರು ಯಾವ ಯೋಜನೆ ತಂದರೂ ಅದಕ್ಕೆಷ್ಟು ಖರ್ಚಾದೀತು, ಆ ಹಣ ಎಲ್ಲಿಂದ ಬಂದೀತು ಎಂದು ಲೆಕ್ಕ ಹಾಕಿ, ಎಲ್ಲ ಪಕ್ಷದವರ ಮುಂದೂ ಒಂದೇ ಮಾತು ಹೇಳಬೇಕು. ಮಾಡಿ ಎನ್ನುವಂತಿಲ್ಲ, ಬಿಡಿ ಎನ್ನುವಂತಿಲ್ಲ. ಆಳುವವರಿಗೆ ಅವನು ವಿರೋಧದವರ ಮನುಷ್ಯ, ವಿರೋಧದವರಿಗೆ ಆಳುವವರ ಮನುಷ್ಯ. ಸೋಮವಾರ ಕುಡಿಯುವ ನೀರಿನ ಯೋಜನೆಯೊಂದರ ಅಂದಾಜು ಒಪ್ಪಿಸಬೇಕಿತ್ತು. ಹೇಗೂ ಹೇಳಿದ್ದರಲ್ಲಿ ಒಂದಷ್ಟು ಕಡಿಯುತ್ತಾರೆ, ತುಸು ಏರಿಸಿಯೇ ಹೇಳಿದರೆ ತಪ್ಪೇನು ಎಂಬ ಯೋಚನೆ ಅವನ ನಿದ್ದೆ ಕೆಡಿಸಿತ್ತು. ಅದನ್ನೂ ಮುಚ್ಚಿಡದೆ ಹೇಳಿದ.

ಅಜ್ಜನವರು ಕತೆ ಹೇಳಿದರು.

ಹೊಳೆದಂಡೆಯಲ್ಲಿ ಒಂದು ಊರು. ಅಲ್ಲಿ ಹಿರಿಯರ ಸಭೆ. ಬಡಗಣ ಸಾಲಿನವರು ಹೌದೆಂದರೆ ತೆಂಕಣ ಸಾಲಿನವರು ಅಲ್ಲವೆನ್ನುವರು. ನಡುವೆ ಒಬ್ಬ ಅಂದಾಜುಗಾರ. ಯಾವ ಸಾಲಿನವರ ಮನೆಯಲ್ಲೂ ಅವನು ನೀರು ಸಹ ಕುಡಿಯಬಾರದೆಂದು ಕಟ್ಟಳೆ. ಇನ್ನೊಂದು ಕಟ್ಟಳೆಯೂ ಇತ್ತು. ಅವನು ಎಷ್ಟೇ ಹೇಳಲಿ, ಸಭೆ ಅದರಲ್ಲಿ ಮೂರರಲ್ಲೊಂದು ಪಾಲು ಕಡಿಯುವುದು. ಲೆಕ್ಕದವನು ಅಂಜಿ ಹೆಚ್ಚು ಹೇಳುತ್ತಾನೆಂದು ಹಿಂದೆ ಯಾರೋ ಅಂದಿದ್ದರಂತೆ. ಹೀಗಾಗಿ ಊರ ಛತ್ರಕ್ಕೆ ಗೋಡೆ ಬಂತು, ಸೂರು ಬರಲಿಲ್ಲ. "ನಿಮ್ಮ ಛತ್ರದಲ್ಲಿ ನಾಲ್ಕು ದಿನ ಮಲಗಿದರೆ ಯಾವನಾದರೂ ಜೋಯಿಸನಾದಾನು" ಎಂದು ದಾರಿಹೋಕರು ನಗುತ್ತಿದ್ದರು.

ಹೊಳೆ ದಾಟಲು ಇದ್ದದ್ದು ಒಂದು ಹಳೆಯ ದೋಣಿ. ಸಭೆ ಸೇತುವೆಯ ಮಾತೆತ್ತಿತು. ಅಂದಾಜುಗಾರ ಲೆಕ್ಕ ಹಾಕಿದ, ಅರುವತ್ತು ಸಾವಿರವಾಯಿತು. ಈ ಕೆಲಸವಾದರೂ ಪೂರ್ತಿಯಾಗಲಿ ಎಂದು ಸಭೆಯಲ್ಲಿ ತೊಂಬತ್ತು ಎಂದ. ಕಡಿದ ಮೇಲೆ ಸರಿಹೋಗುತ್ತದೆ.

ಅಂದು ಮುದುಕನೊಬ್ಬ ಎದ್ದು ನಿಂತ. "ಸಾಕಪ್ಪ ಈ ಕಡಿಯುವ ಚಟ. ಇವನು ನಿನ್ನವನೂ ಅಲ್ಲ, ನನ್ನವನೂ ಅಲ್ಲ. ಇವನ ಮಾತು ಕಡಿದು ಕಡಿದು ಊರೇ ಮೋಟಾಯಿತು. ಇವತ್ತು ಹೇಳಿದಷ್ಟನ್ನೂ ನಂಬೋಣ."

ಎರಡು ಸಾಲಿನವರೂ ಒಪ್ಪಿದರು. ಅವರು ಒಂದಾದದ್ದು ಅದೇ ಮೊದಲು. ಬೊಕ್ಕಸದಲ್ಲಿದ್ದದ್ದು ಎಪ್ಪತ್ತು ಸಾವಿರ. ಸೇತುವೆ ನಮ್ಮ ಕೈಲಾಗದು ಎಂದು ಸಭೆ ಮುಗಿಸಿದರು. ಅಂದಾಜುಗಾರ ಬಾಯಿ ತೆರೆದ. ಅರುವತ್ತೇ ಸಾಕು ಎಂದರೆ ಇನ್ನೆಂದೂ ಯಾರೂ ತನ್ನನ್ನು ನಂಬರು ಎನ್ನಿಸಿತು. ಬಾಯಿ ಮುಚ್ಚಿದ. ಆ ಮಳೆಗಾಲದಲ್ಲಿ, ಸಂತೆ ಮುಗಿಸಿದವರನ್ನು ಕರೆತರುತ್ತಿದ್ದ ದೋಣಿ ನಡುಹೊಳೆಯಲ್ಲಿ ಒಡೆಯಿತು.

ಅಜ್ಜನವರು ಇಷ್ಟು ಹೇಳಿ ನಿಲ್ಲಿಸಿದರು. ಫಕೀರಪ್ಪನಿಗೆ ದಿಕ್ಕು ತೋಚಲಿಲ್ಲ. ನಿಜ ಹೇಳುತ್ತಿದ್ದಾಗ ಛತ್ರ ಕೆಟ್ಟಿತು. ಸಭೆ ನಂಬಲಿಲ್ಲ ಎಂದು ದೂರೋಣವೆಂದರೆ, ಕೇಡಾದದ್ದು ನಂಬಿದ ದಿನವೇ. ಅಂದಾಜುಗಾರನನ್ನು ದೂರಲು ಹೋದರೆ ಅವನ ಜಾಗದಲ್ಲಿ ತಾನೇ ಕುಳಿತಂತೆ ಕಂಡಿತು. ಸೋಮವಾರ ಏನು ಹೇಳುವುದೆಂಬುದು ಬಂದಾಗಿನಷ್ಟೂ ತಿಳಿಯದಾಯಿತು.

"ತಪ್ಪು ಯಾರದು, ಅಜ್ಜಾರೆ?"

"ಲೆಕ್ಕದವನು ನೀನು. ನನ್ನನ್ನು ಕೇಳುತ್ತೀಯಲ್ಲೋ ತಮ್ಮಾ!"

 ಫಕೀರಪ್ಪ ತನಗೆ ಕೇಳಿ ರೂಢಿಯಿದ್ದ ಒಂದೇ ಮಾತನ್ನು ಕೇಳಿದ. "ಆಮೇಲಾದರೂ ಸೇತುವೆ ಕಟ್ಟಿದರೇ? ಒಟ್ಟು ಎಷ್ಟು ಬಿತ್ತು?"

"ತೊಂಬತ್ತು ತುಂಬಿಸಲು ಹೆಂಗಸರ ಚಿನ್ನ ಒತ್ತೆಯಿಟ್ಟು ಮರುವರ್ಷ ಕಟ್ಟಿದರು, ಸರಿಯಾಗಿ ಅರುವತ್ತು ಸಾವಿರವೇ ಬಿತ್ತು, ದೋಣಿಯೊಡನೆ ಹೋದವರ ಲೆಕ್ಕ ಬಿಟ್ಟು."