ಒಂದು ಮೊಳ

"ಗುರುಗಳೇ, ಪ್ರೀತಿ ಇದ್ದವರು ದೂರ ಇಡುತ್ತಾರೆಯೇ?" ಎಂದು ಅಡಿವೆಪ್ಪ ಕೇಳಿದ.

ಅವನು ಆಶ್ರಮಕ್ಕೆ ಬಂದು ಮೂರು ವರ್ಷವಾಗಿತ್ತು. ಉಳಿದ ಶಿಷ್ಯರು ಒಳಗಿನ ಪಡಸಾಲೆಯಲ್ಲಿ ಒಟ್ಟಿಗೆ ಮಲಗುತ್ತಿದ್ದರು. ಅವನಿಗೆ ಮಾತ್ರ ಗುರುಗಳ ಕೋಣೆಯ ಹೊರಗಿನ ಜಗಲಿ, ಕಿಟಕಿಯ ಕೆಳಗೆ ಒಂದು ಬರಿ ಚಾಪೆ. ಗುರುಗಳು ಅವನ ತಲೆಯ ಮೇಲೆ ಒಮ್ಮೆಯೂ ಕೈ ಇಟ್ಟಿರಲಿಲ್ಲ. ಆ ಕೈಗಾಗಿ ಅವನ ಜೀವ ಹಂಬಲಿಸುತ್ತಿತ್ತು. ಇಂದು ತಡೆಯಲಾರದೆ ಗುರುಗಳ ಕೋಣೆಯ ಬಾಗಿಲಿಗೆ ಬಂದು ಕೇಳಿಬಿಟ್ಟ.

"ಬಹಳ ದಿನ ನುಂಗಿಕೊಂಡಿದ್ದ ಪ್ರಶ್ನೆ ಇದು. ಕುಳಿತುಕೋ," ಎಂದು ಗುರುಗಳು ನಕ್ಕು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನೇಕಾರ ಇದ್ದ. ಮದುವೆಯಾಗಿ ಹನ್ನೆರಡು ವರ್ಷವಾದರೂ ಅವನ ಹೆಂಡತಿಯ ಮಡಿಲು ತುಂಬಲಿಲ್ಲ. ಅವಳು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ಮಗ್ಗದಿಂದ ಸೀರೆ ಇಳಿದಾಗಲೆಲ್ಲ ಉಳಿದ ತುಂಡುಗಳನ್ನು ಎತ್ತಿಟ್ಟುಕೊಂಡು, ಇನ್ನೂ ಹುಟ್ಟದ ಮಗುವಿಗೆ ಕೌದಿ ಹೊಲಿದಳು. ಕೂಸು ಹುಟ್ಟುವ ಮುಂಚೆಯೇ ಕುಲಾವಿ ಎಂದು ಊರು ನಕ್ಕಿತು. ನಗಲಿ ಬಿಡು, ಊರಿಗೇನು ಕೆಲಸ? ಅವಳು ವರ್ಷಕ್ಕೊಂದು ಪದರ ಸೇರಿಸುತ್ತ ಹೋದಳು. ಹನ್ನೆರಡು ಪದರವಾಗುವಷ್ಟರಲ್ಲಿ ಆ ಕೌದಿ ಕೈ ಇಟ್ಟರೆ ಕೈ ಹೂತುಹೋಗುವಷ್ಟು ಮೆತ್ತಗಾಗಿತ್ತು.

ಹದಿಮೂರನೆಯ ವರ್ಷ ಗಂಡುಮಗು ಹುಟ್ಟಿತು. ಅತ್ತೆ, ತಲೆ ಗುಂಡಗಾಗಲಿ ಎಂದು ಸಾಸಿವೆ ತುಂಬಿದ ಪುಟ್ಟ ದಿಂಬು ತಂದಳು. ಬಾಣಂತಿ ತನ್ನ ಕೌದಿ ಬಿಚ್ಚಿದಳು. ಸೂಲಗಿತ್ತಿ ಎರಡನ್ನೂ ಪಕ್ಕಕ್ಕೆ ಸರಿಸಿದಳು. ಒಂದು ಅಗಲ ಹಲಗೆ ತರಿಸಿ, ಚಾಪೆ ಹಾಸಿ, ಅದರ ಮೇಲೆ ಒಂದೇ ಪದರ ಬಟ್ಟೆಯನ್ನು ಸುಕ್ಕಿಲ್ಲದಂತೆ ಬಿಗಿದು ಕಟ್ಟಿದಳು. ಮಗುವನ್ನು ಅದರ ಮೇಲೆ ಅಂಗಾತ ಮಲಗಿಸಿದಳು.

"ಹಗಲಾಗಲಿ ಇರುಳಾಗಲಿ, ನಿದ್ದೆಗೆ ಹಾಕುವಾಗ ಹೀಗೇ ಹಾಕು. ಬೋರಲು ಬೇಡ, ಮಗ್ಗುಲು ಬೇಡ. ದಿಂಬು, ಕೌದಿ ಹತ್ತಿರ ಸುಳಿಯಬಾರದು. ನಿನ್ನ ಕಣ್ಣೆದುರೇ ಇರಲಿ, ಆದರೆ ನಿನ್ನ ಹಾಸಿಗೆಯಲ್ಲಿ ಬೇಡ. ನಡುವೆ ಒಂದು ಮೊಳ ಬಿಡು," ಎಂದಳು.

"ಹನ್ನೆರಡು ವರ್ಷ ದೂರ ಇದ್ದದ್ದು ಸಾಲದೇನಮ್ಮ? ಇನ್ನೂ ಒಂದು ಮೊಳವೇ?" ಎಂದು ಬಾಣಂತಿ ಕಣ್ಣೀರು ಹಾಕಿದಳು.

"ಇನ್ನೊಂದು ಮೊಳ, ತಾಯಿ," ಎಂದಳು ಸೂಲಗಿತ್ತಿ.

ಬಟ್ಟೆ ಅಳೆದು ಪಳಗಿದ ಕೈ ಬಾಣಂತಿಯದು. ನೆಲಕ್ಕೆ ಮೊಳಕೈ ಊರಿ ಅಳೆದು ಹಲಗೆ ಇಟ್ಟಳು. ಮೂರು ವಾರ ಹಾಗೇ ನಡೆಸಿದಳು. ಮಗು ಮಲಗಿದಲ್ಲೇ ಬೆಚ್ಚುತ್ತಿತ್ತು, ಎದ್ದು ಅಳುತ್ತಿತ್ತು. "ಬೋರಲು ಹಾಕಿ ನೋಡೇ, ಕಲ್ಲಿನ ಹಾಗೆ ಮಲಗುತ್ತದೆ. ನಾವೇನು ಮಕ್ಕಳು ಸಾಕಿಲ್ಲವೇ?" ಎಂದಳು ಅತ್ತೆ. ಒಂದು ಮಧ್ಯಾಹ್ನ ಬಾಣಂತಿಯ ಮನಸ್ಸು ಸೋತಿತು. ಕೌದಿ ಹಾಸಿ, ಅದರ ಮೇಲೆ ಮಗುವನ್ನು ಬೋರಲು ಮಲಗಿಸಿದಳು. ಮಗು ಸದ್ದಿಲ್ಲದೆ ಮಲಗಿತು. ತಾನೂ ಪಕ್ಕದಲ್ಲಿ ಒರಗಿ ಅದರ ಬೆನ್ನ ಮೇಲೆ ಕೈ ಇಟ್ಟಳು. ಹನ್ನೆರಡು ವರ್ಷ ಬೇಡಿದ್ದು ಈ ಒಂದು ಗಳಿಗೆಯನ್ನೇ ಎನಿಸಿತು. ಹಾಗೆಯೇ ಅವಳಿಗೂ ಜೊಂಪು ಹತ್ತಿತು.

ಮಗುವಿಗೆ ನೀರು ಹಾಕಲು ಬಂದ ಸೂಲಗಿತ್ತಿ ಬಾಗಿಲಿನಿಂದಲೇ ಅದನ್ನು ಕಂಡಳು. ಮಗುವಿನ ಮೂಗು, ಬಾಯಿ ಎರಡೂ ಕೌದಿಯಲ್ಲಿ ಹೂತಿದ್ದವು. ಬಾಚಿ ಎತ್ತಿದಳು. ತುಟಿ ಕಪ್ಪಿಟ್ಟಿತ್ತು. ಬೆನ್ನು ತಿಕ್ಕಿ ಅಂಗಾಲು ತಟ್ಟಿದಳು. ಒಮ್ಮೆ, ಎರಡು ಸಲ, ಮೂರು ಸಲ. ಎಚ್ಚರಾದ ತಾಯಿ ಚೀರಿಕೊಂಡು ಎದ್ದಳು. ಆಮೇಲೆ ಮಗು ಅತ್ತಿತು.

ಸೂಲಗಿತ್ತಿ ಗದರಲಿಲ್ಲ. "ಇವನಿಗೆ ಇನ್ನೂ ಕತ್ತು ನಿಂತಿಲ್ಲ. ಮೂಗು ಮುಚ್ಚಿದರೆ ಮುಖ ತಿರುಗಿಸಿಕೊಳ್ಳಲು ಬಾರದು. ನಿನ್ನ ಆಸೆಯನ್ನು ನೀನು ಹೊದ್ದುಕೋ ತಾಯಿ, ಮಗುವಿನ ಮುಖದ ಕೆಳಗೆ ಹಾಸಬೇಡ," ಎಂದಳು.

ಅತ್ತೆ ಸಾಸಿವೆ ದಿಂಬನ್ನು ಬಿಚ್ಚಿ, ಸಾಸಿವೆಯನ್ನು ಡಬ್ಬಿಗೆ ಸುರಿದಳು.

ಅಂದಿನಿಂದ ಮಗು ಎಚ್ಚರಿದ್ದಷ್ಟು ಹೊತ್ತು ತಾಯಿಯ ಎದೆಯ ಮೇಲೆ. ಕಣ್ಣು ಮುಚ್ಚಿತೆಂದರೆ ಹಲಗೆಯ ಮೇಲೆ, ಅಂಗಾತ, ಮೈಗೊಂದು ಅಂಗಿ ಮಾತ್ರ. ಎತ್ತಿಕೊಳ್ಳುವುದು ಸುಲಭ, ಪ್ರತಿ ಸಲವೂ ಇಳಿಸುವುದೇ ಅವಳಿಗೆ ಕಷ್ಟವಾಗುತ್ತಿತ್ತು. ಕೌದಿಯನ್ನು ತಾನೇ ಹೊದ್ದು, ಒಂದು ಮೊಳದ ಆಚೆ ಕುಳಿತು, ಆ ಪುಟ್ಟ ಎದೆ ಏರಿ ಇಳಿಯುವುದನ್ನು ನೋಡುತ್ತಿದ್ದಳು. ಮಗುವಿಗೇನು ಗೊತ್ತು? ಎದ್ದಾಗ ಮೈಗೆ ಯಾರೂ ತಾಗದಿದ್ದರೆ ತನ್ನನ್ನು ಬಿಟ್ಟು ಹೋದರೆಂದೇ ಅಳುತ್ತಿತ್ತು.

ಐದನೆಯ ತಿಂಗಳು, ನೆಲದ ಮೇಲೆ ಎಚ್ಚರವಾಗಿ ಆಡುತ್ತಿದ್ದ ಮಗು ತಾನಾಗಿಯೇ ಮಗುಚಿತು. ಕತ್ತೆತ್ತಿ ನೋಡಿತು. ಒಂದು ಮೊಳದ ಆಚೆ ತಾಯಿ ಇದ್ದಳು. ಅಂದು ಅವರ ಮನೆಯಲ್ಲಿ ಹೋಳಿಗೆ ಮಾಡಿದರು.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಪ್ಪನ ಕಣ್ಣು ತುಂಬಿತ್ತು.

"ಆ ಮಗುವಿನ ಪುಣ್ಯ ದೊಡ್ಡದು ಗುರುಗಳೇ. ಅದಕ್ಕೆ ಒಂದು ಮೊಳದಲ್ಲೇ ತಾಯಿ ಇದ್ದಳು. ನನಗೆ ಯಾರಿದ್ದಾರೆ?" ಎಂದ.

ಗುರುಗಳು ಜಗಲಿಯ ಕಡೆ ನೋಡಿದರು.

"ಮೂರು ವರ್ಷದಿಂದ ಆ ಕಿಟಕಿ ತೆರೆದೇ ಇದೆ, ಗೋಡೆಯ ಈಚೆ ನನ್ನ ಚಾಪೆ ಎಲ್ಲಿದೆ ಎಂದು ನೀನು ಒಮ್ಮೆಯೂ ಕತ್ತೆತ್ತಿ ನೋಡಲಿಲ್ಲ, ಮಗು."