ಮರಳಹಕ್ಕಿಯ ಕೊರಳ ಕರಿ ನೂಲು

ಜಗತ್ತಿನ ಹಸಿ ಇನ್ನೂ ಆರಿರದ ಕಾಲ. ಗುಡ್ಡಗಳ ಮೇಲೆ ಅವನ್ನು ಮೆತ್ತಿದವನ ಬೆರಳ ಗುರುತು ಹಾಗೇ ಇತ್ತು. ಆಗ ಕೆರೆಗೆ ಮಾತು ಬರುತ್ತಿತ್ತು, ಗಾಳಿಗೂ ಬರುತ್ತಿತ್ತು. ಗಾಳಿಗೆ ತುಸು ಹೆಚ್ಚೇ ಬರುತ್ತಿತ್ತು ಅನ್ನಿ.

ಕೆರೆಯ ದಂಡೆಯಲ್ಲಿ ಬೀರವ್ವ ಎಂಬ ಮುದುಕಿ ಕುರಿ ಕಾಯುತ್ತಿದ್ದಳು. ಕುರಿ ಬಿಟ್ಟರೆ ಅವಳಿಗೆ ಯಾರೂ ಇಲ್ಲ. ಆ ಕೆರೆ ಬಿಟ್ಟರೆ ಕುರಿಗಳಿಗೆ ಬೇರೆ ನೀರಿಲ್ಲ.

ಒಂದು ವಸಂತದ ಬೆಳಿಗ್ಗೆ ನೋಡುತ್ತಾಳೆ, ಕೆರೆ ಸದ್ದಿಲ್ಲದೆ ನೆಲದೊಳಗೆ ಇಳಿಯುತ್ತಿದೆ.

“ಎಲ್ಲಿಗೆ ಹೊಂಟೀಯವ್ವಾ?” ಅಂತ ಕೇಳಿದಳು.

“ಪಾತಾಳಕ್ಕ,” ಅಂದಿತು ಕೆರೆ. “ಚಳಿಗಾಲಕ್ಕ ಹಕ್ಕಿ ಬರ್ತಾವ, ಉಣ್ತಾವ, ಯುಗಾದಿ ಬಂತಂದ್ರ ಹಾರಿ ಹೋಗ್ತಾವ. ಹೋದದ್ದು ಒಂದೂ ತಿರುಗಿ ಬಂದಿಲ್ಲ. ಬರೂವೆಲ್ಲಾ ಬ್ಯಾರೆ. ಹಾದಿಹೋಕರ ಸಲುವಾಗಿ ನಾ ಯಾಕ ಕಾಯ್ಕೋತ ಕೂಡ್ಲಿ?”

ಬೀರವ್ವ ದಡಬಡಿಸಿ ನೀರಂಚಿಗೆ ಓಡಿದಳು.

“ಬ್ಯಾರೆ ಅಂತ ಹ್ಯಾಂಗ ಹೇಳ್ತಿ? ಎಲ್ಲಾ ಒಂದ ನಮೂನಿ ಅದಾವ. ಒಂದಕ್ಕ ಗುರುತು ಮಾಡ್ತೀನಿ. ಅದು ಬರೂತನಾ ತಡಿ.”

ಅವಳಿಗೆ ಗೊತ್ತಿದ್ದ ಗುರುತು ಒಂದೇ. ಬೇರೆಯವರ ಹಿಂಡಿನಲ್ಲಿ ಬೆರೆತು ಹೋಗದಿರಲೆಂದು ಕುರಿಯ ಬೆನ್ನಿಗೆ ಬಳಿಯುವ ಕೆಮ್ಮಣ್ಣು. ದಂಡೆಯಲ್ಲಿ ಮರಳಿನದೇ ಬಣ್ಣದ ಪುಟ್ಟ ಹಕ್ಕಿಯೊಂದು ಓಡಾಡುತ್ತಿತ್ತು, ಮರಳಹಕ್ಕಿ. ಅದನ್ನು ಮೆಲ್ಲಗೆ ಹಿಡಿದಳು. ಅಂಗೈಯೊಳಗೆ ಅದರ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು.

“ಅಂಜಬ್ಯಾಡ ನನ್ನವ್ವ,” ಅಂದು ಬೆನ್ನಿಗೆ ಕೆಮ್ಮಣ್ಣು ಸವರಿ ಬಿಟ್ಟಳು.

ಕುರಿ ಕಾಯುವವಳ ಬುದ್ಧಿ ನೋಡಿ! ಕುರಿ ಮೈ ನೆನೆಸಿಕೊಳ್ಳಲು ಒಲ್ಲೆ ಅನ್ನುತ್ತದೆ. ಈ ಹಕ್ಕಿಗೋ ನೀರಂಚೇ ಮನೆ. ಚಳಿಗಾಲಕ್ಕೆ ಅದು ತಿರುಗಿ ಬರುವ ಹೊತ್ತಿಗೆ ಮಣ್ಣೆಲ್ಲ ತೊಳೆದುಹೋಗಿತ್ತು.

“ನಾನ ಬಂದೀನಿ,” ಅಂದಿತು ಹಕ್ಕಿ.

“ಎಲ್ಲಾರೂ ಹಂಗ ಅಂತಾರ,” ಅಂದು ಕೆರೆ ಇನ್ನಷ್ಟು ಇಳಿಯಿತು. ಗಾಳಿ ಬೇರೆ ಮುಸಿಮುಸಿ ನಕ್ಕಿತು.

ಮತ್ತೆ ವಸಂತ ಬಂತು. ಕುರಿಮರಿಗಳು ಕೆಸರಿನಲ್ಲಿ ನಿಂತು ನೀರಿಗಾಗಿ ಅರಚುತ್ತಿದ್ದವು. ಬೀರವ್ವ ಅತ್ತಳು. ಅತ್ತು ಕಣ್ಣೊರೆಸಿಕೊಂಡು, ತಾನು ಹೊದ್ದ ಕಂಬಳಿಯಿಂದ ಒಂದು ಕರಿ ನೂಲು ಎಳೆದಳು. ಕೂಸಿಗೆ ದೃಷ್ಟಿಯಾಗದಿರಲೆಂದು ಕಟ್ಟುವ ಹಾಗೆ ಅದನ್ನು ಆ ಮರಳಹಕ್ಕಿಯ ಕೊರಳಿಗೇ ಸಡಿಲವಾಗಿ ಕಟ್ಟಿದಳು.

“ಬಿಗೀತೇನು?”

“ಇಲ್ಲಜ್ಜಿ.”

“ಹಂಗಾರ ಹೋಗಿ ಬಾ. ನನ್ನ ಕುರಿ ಜೀವ ನಿನ್ನ ಕೊರಳಾಗ ಐತಿ.”

ಬೇಸಿಗೆ ಹೋಯಿತು, ಮಳೆ ಹೋಯಿತು. ಬಿದ್ದ ಮಳೆಯನ್ನೂ ಕೆರೆ ತನ್ನ ಜೊತೆ ಒಳಗೆ ಎಳೆದುಕೊಂಡಿತು. ಚಳಿ ಬಿತ್ತು, ಬಾತುಗಳು ಬಂದವು, ಕೊಕ್ಕರೆಗಳು ಬಂದವು. ಮರಳಹಕ್ಕಿ ಬರಲಿಲ್ಲ. ಕೆರೆಯಲ್ಲಿ ಬೊಗಸೆ ನೀರು ಉಳಿದಿತ್ತು. ಬೀರವ್ವ ಬಡಗಣ ದಿಕ್ಕಿಗೆ ಕಣ್ಣು ನೆಟ್ಟು ಕೂತಿದ್ದಳು.

ಒಂದು ಮುಂಜಾನೆ ಸೋತು ಸುಣ್ಣವಾದ ಪುಟ್ಟ ಹಕ್ಕಿಯೊಂದು ದಂಡೆಗಿಳಿಯಿತು. ಒಂದಿಷ್ಟು ಓಡಿತು, ನಿಂತು ಕೆರೆಯನ್ನು ನೋಡಿತು. ಕೊರಳಲ್ಲಿ ಕರಿ ನೂಲು.

“ನೀನ ಏನವ್ವಾ?” ಅಂದಿತು ಕೆರೆ.

“ನಾನ.”

“ಹೋದ ಸಲಾನೂ ನೀನ ಇದ್ದೇನು?”

“ನಾನ ಇದ್ದೆ. ನೀ ಗುರುತು ಹಿಡೀಲಿಲ್ಲ.”

ಕೆರೆ ಇಳಿಯುವುದನ್ನು ಅಲ್ಲಿಗೇ ಬಿಟ್ಟಿತು. ತಳದ ಒರತೆಯೆಲ್ಲ ಒಡೆದು ನೀರು ದಂಡೆಯ ತನಕ ಏರಿತು. ಕುರಿಗಳು ಹೊಟ್ಟೆತುಂಬ ಕುಡಿದವು.

ಆದರೆ ಕೇಳಿ. ಆ ನೂಲು ಹಕ್ಕಿಯ ಮೈಗೆ ಹತ್ತಿ ಗರಿಯೇ ಆಗಿಬಿಟ್ಟಿತ್ತು. ಅದರ ಮಕ್ಕಳಿಗೂ ಕೊರಳಲ್ಲಿ ಅದೇ ಕರಿ ಬಳೆ, ಮೊಮ್ಮಕ್ಕಳಿಗೂ ಅದೇ. ಮತ್ತೆ ಎಲ್ಲವೂ ಒಂದೇ ನಮೂನೆ! ಬೀರವ್ವ ಹಣೆ ಚಚ್ಚಿಕೊಂಡಳು.

ಕೆರೆ ಮಾತ್ರ ಇಳಿಯಲಿಲ್ಲ. “ಇದರಾಗ ಯಾವುದೋ ಒಂದು ನಂದು,” ಅಂದಿತು. “ಯಾವುದಂತ ಗೊತ್ತಿಲ್ಲ. ಅದಕ್ಕ ಎಲ್ಲಾವೂ ನನ್ನವ.”

ಅದಕ್ಕೇ ಇಂದಿಗೂ ವಸಂತದ ಬೆಳಿಗ್ಗೆ ಕೆರೆದಂಡೆಯಲ್ಲಿ ಕೆಲವರು ಹಕ್ಕಿಯನ್ನು ಅಂಗೈಯಲ್ಲಿ ಹಿಡಿದು, ಬಿಗಿಯಾಯಿತೇನೋ ಎಂದು ನೋಡಿ ನೋಡಿ, ತಿರುಗಿ ಬಂದಾಗ ಗುರುತು ಸಿಗಲೆಂದು ಅದರ ಕಾಲಿಗೊಂದು ಸಣ್ಣ ಬಳೆ ತೊಡಿಸಿ ಹಾರಬಿಡುತ್ತಾರೆ, ಮರಳಹಕ್ಕಿಯೂ ಚೂರು ಓಡಿ, ಥಟ್ಟನೆ ನಿಂತು, ಕೆರೆ “ನೀನ ಏನವ್ವಾ?” ಅನ್ನುವುದನ್ನು ಕೇಳಿಸಿಕೊಂಡೇ ಮುಂದೆ ಓಡುತ್ತದೆ.